ಡಾರ್ವಿನ್ ಪತ್ರಭಂಡಾರ: ಪ್ರಶ್ನೆಯ ಜೊತೆಗೆ ಉತ್ತರವನ್ನೂ ಓದಿಸುವ ಜಾಲತಾಣ

ವಿಕ್ಟೋರಿಯಾ ರಾಣಿಯ ಕಾಲದ ನಿಸರ್ಗವಿಜ್ಞಾನಿಗಳು ಪ್ರಭೇದಗಳ ಬಗ್ಗೆ, ಪಳೆಯುಳಿಕೆಗಳ ಬಗ್ಗೆ, ಯಾವ ಗಿಡ ಯಾವ ನೆಲಕ್ಕೆ ಹೇಗೆ ಬಂತು ಎಂಬುದರ ಬಗ್ಗೆ ತಮ್ಮತಮ್ಮಲ್ಲಿ ಬರೆದುಕೊಂಡದ್ದನ್ನು ಮೂಲದಲ್ಲೇ ಓದಬೇಕೆನ್ನುವವರಿಗೆ ‘ಡಾರ್ವಿನ್ ಕರೆಸ್ಪಾಂಡೆನ್ಸ್ ಪ್ರಾಜೆಕ್ಟ್’ ಜಾಲತಾಣಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಅಮೆರಿಕದ ವಿದ್ವಾಂಸ ಫ್ರೆಡರಿಕ್ ಬರ್ಕಾರ್ಟ್ ಅವರು ಕೇಂಬ್ರಿಡ್ಜಿನ ಪ್ರಾಣಿವಿಜ್ಞಾನಿ ಸಿಡ್ನಿ ಸ್ಮಿತ್ ಅವರ ನೆರವಿನೊಂದಿಗೆ 1974ರಲ್ಲಿ ಆರಂಭಿಸಿದ ಈ ಕೆಲಸದ ಮೊದಲ ಮುದ್ರಿತ ಸಂಪುಟ 1985ರಲ್ಲಿ ಹೊರಬಂದಿತು, ಮೂವತ್ತನೆಯದೂ ಕೊನೆಯದೂ ಆದ ಸಂಪುಟ 2023ರಲ್ಲಿ. ಚಾರ್ಲ್ಸ್ ಡಾರ್ವಿನ್ ಬರೆದ ಮತ್ತು ಅವನಿಗೆ ಬಂದ 15,000ಕ್ಕೂ ಹೆಚ್ಚು ಪತ್ರಗಳ ಪಠ್ಯವನ್ನು ಈಗ ಯಾರು ಬೇಕಾದರೂ ಹಣ ಕೊಡದೆ ಓದಬಹುದು.

ಈ ಭಂಡಾರದ ನಿಜವಾದ ಬೆಲೆ ಅದರ ಗಾತ್ರಕ್ಕಿಂತ ಹೆಚ್ಚಾಗಿ, ಬಂದ ಪತ್ರಗಳಿಗೂ ಬರೆದ ಪತ್ರಗಳಷ್ಟೇ ಸ್ಥಾನ ಕೊಟ್ಟಿರುವುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಉದಾಹರಣೆಗೆ, ಪ್ರಭೇದಗಳು ಬದಲಾಗದಿರುವಂಥವಲ್ಲ ಎಂದು ತನಗೆ ಹೆಚ್ಚುಕಡಿಮೆ ಖಚಿತವಾಗಿದೆ, ಇದನ್ನು ಹೇಳುವುದೆಂದರೆ ಕೊಲೆಯನ್ನು ಒಪ್ಪಿಕೊಂಡಂತೆ ಎಂದು ಡಾರ್ವಿನ್ 1844ರ ಜನವರಿ 11ರಂದು ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹುಕರ್‌ಗೆ ಬರೆದ ಮಾತು ಎಷ್ಟೋ ಕಡೆ ಉದ್ಧರಣೆಗೊಂಡಿದೆ. ಆದರೆ ಆ ‘ತಪ್ಪೊಪ್ಪಿಗೆ’ಯನ್ನು ಕೇಳಿದವನು ಏನೆಂದ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದೇ ತಿಂಗಳ 29ರ ಉತ್ತರದಲ್ಲಿ ಹುಕರ್ ಬೆಚ್ಚಿಬೀಳುವುದಿಲ್ಲ, ಬೈಯುವುದೂ ಇಲ್ಲ. ಪ್ರಭೇದಗಳು ನಿಧಾನವಾಗಿ ಬದಲಾಗಿರಲೂಬಹುದು, ಆ ಬದಲಾವಣೆ ಹೇಗೆ ನಡೆದಿರಬಹುದೆಂದು ನಿಮ್ಮಿಂದ ಕೇಳಲು ನನಗೆ ಸಂತೋಷ, ಏಕೆಂದರೆ ಸದ್ಯ ಪ್ರಚಲಿತವಿರುವ ಯಾವ ಅಭಿಪ್ರಾಯವೂ ನನಗೆ ಸಮಾಧಾನ ತಂದಿಲ್ಲ ಎಂದು ಸಾವಧಾನವಾಗಿ ಬರೆಯುತ್ತಾನೆ. ಈ ಎರಡನ್ನೂ ಒಂದರ ಹಿಂದೆ ಒಂದರಂತೆ ಓದಿದಾಗ, ಒಂಟಿ ಮನುಷ್ಯನೊಬ್ಬ ಇಡೀ ಲೋಕಕ್ಕೆ ಹೆದರಿ ಗುಟ್ಟು ಕಾಪಾಡಿಕೊಂಡ ಎಂಬ ಪ್ರಚಲಿತ ಚಿತ್ರ ತನ್ನಷ್ಟಕ್ಕೆ ಸಡಿಲವಾಗುತ್ತದೆ.

ಸಂಪಾದಕರ ಶ್ರದ್ಧೆ ಕಾಣುವುದು ಪತ್ರದ ತಲೆಬರಹದಿಂದಲೇ. ಡಾರ್ವಿನ್ ಅನೇಕ ಪತ್ರಗಳಲ್ಲಿ ವರ್ಷವನ್ನು ಬರೆಯುತ್ತಿರಲಿಲ್ಲ; ಮೇಲೆ ಹೇಳಿದ 1844ರ ಪತ್ರದಲ್ಲಿ ಊರಿನ ಹೆಸರಿನ ಕೆಳಗೆ ಇರುವುದು ‘ಗುರುವಾರ’ ಎಂದಷ್ಟೇ. ಹೀಗೆ ಸಂಪಾದಕರು ತರ್ಕಿಸಿ ನಿರ್ಧರಿಸಿದ ದಿನಾಂಕಗಳೆಲ್ಲ ಚೌಕ ಆವರಣದೊಳಗೆ ಇರುತ್ತವೆ. ಹುಕರ್‌ಗೆ ಬರೆದ ಮೊದಲ ಪತ್ರದ ದಿನಾಂಕವನ್ನು ‘13 ಅಥವಾ 20 ನವೆಂಬರ್ 1843’ ಎಂದು ಕೊಟ್ಟಿದ್ದಾರೆ. ಎರಡರಲ್ಲಿ ಒಂದನ್ನು ಆರಿಸಿ ಮುಂದೆ ಹೋಗುವುದು ಸುಲಭವಾಗಿತ್ತು, ಅವರು ಹಾಗೆ ಮಾಡಿಲ್ಲ. ಬಂದ ಪತ್ರಗಳ ಮೇಲೆ ಡಾರ್ವಿನ್ ಎಳೆದ ಗೆರೆಗಳು, ಗೀಚಿದ ಟಿಪ್ಪಣಿಗಳು ಕೂಡ ಪ್ರತ್ಯೇಕ ಭಾಗದಲ್ಲಿ ದಾಖಲಾಗಿವೆ: ಯಾವ ಸಾಲಿನಿಂದ ಯಾವ ಸಾಲಿನವರೆಗೆ ಹೊಡೆದುಹಾಕಿದ್ದಾನೆ, ಅದಕ್ಕೆ ಪೆನ್ಸಿಲ್ ಬಳಸಿದ್ದಾನೋ, ನೀಲಿ ಕ್ರೇಯಾನ್ ಬಳಸಿದ್ದಾನೋ ಎಂಬಷ್ಟರ ಮಟ್ಟಿಗೆ. ತನಗೆ ಬೇಕಾದ ಸಂಗತಿಯಿರುವ ತುಂಡನ್ನು ಪತ್ರದಿಂದ ಕತ್ತರಿಸಿ ವಿಷಯವಾರು ಕಡತಗಳಲ್ಲಿ ಇಡುವುದು ಅವನ ರೂಢಿಯಾಗಿತ್ತು. ಆದ್ದರಿಂದ ಈ ಗುರುತುಗಳು ಒಂದು ಪತ್ರ ಹೇಗೆ ಗ್ರಂಥದ ಸಾಮಗ್ರಿಯಾಯಿತು ಎಂಬುದಕ್ಕೆ ನೇರ ಸಾಕ್ಷಿ.

ಜಾಲತಾಣದ ಶಕ್ತಿಯನ್ನು ಅರಿಯಲು ಅತ್ಯುತ್ತಮ ವಿಷಯವೆಂದರೆ ಸಸ್ಯಗಳ ಭೌಗೋಳಿಕ ಹಂಚಿಕೆ. ದೂರದೂರದ ದ್ವೀಪಗಳಲ್ಲಿ ಒಂದೇ ಬಗೆಯ ಗಿಡಗಳಿರುವುದನ್ನು ವಿವರಿಸಲು ನಿಸರ್ಗವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ ಮುಂತಾದವರು, ಒಂದು ಕಾಲಕ್ಕೆ ನಡುವೆ ಇದ್ದ ನೆಲ ಸಮುದ್ರದಲ್ಲಿ ಮುಳುಗಿಹೋಯಿತು ಎಂದು ವಾದಿಸುತ್ತಿದ್ದರು. 1839ರಿಂದ 1843ರವರೆಗೆ ದಕ್ಷಿಣ ಸಾಗರಗಳಲ್ಲಿ ಸುತ್ತಿ ಬಂದಿದ್ದ ಹುಕರ್ ಕೂಡ ಆ ಕಡೆಗೇ ವಾಲಿದ್ದ. ಡಾರ್ವಿನ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಬೀಜಗಳು ಸಮುದ್ರದ ಪ್ರವಾಹದಲ್ಲಿ ತೇಲಿ ಹೋಗಿರಬಾರದೇಕೆ ಎಂದು ಅವನು 1855ರಲ್ಲಿ ಉಪ್ಪುನೀರಿನಲ್ಲಿ ಬೀಜಗಳನ್ನು ನೆನೆಹಾಕಲು ತೊಡಗಿದ. ಮೂಲಂಗಿ, ಎಲೆಕೋಸು, ಲೆಟಿಸ್, ಕ್ಯಾರೆಟ್, ಸೆಲರಿ, ಈರುಳ್ಳಿ ಬೀಜಗಳೆಲ್ಲ ಒಂದು ವಾರ ನೆನೆದ ಮೇಲೂ ಮೊಳೆತವು, ಇದನ್ನು ನಾನು ನಿರೀಕ್ಷಿಸಿಯೇ ಇರಲಿಲ್ಲ ಎಂದು ಏಪ್ರಿಲ್‌ನಲ್ಲಿ ಹುಕರ್‌ಗೆ ಬರೆಯುತ್ತಾನೆ. ಬಾಟಲಿಗಳ ನೀರು ಗಬ್ಬು ನಾರುತ್ತಿರುವುದನ್ನೂ, ‘ಡಾಕ್ಟರ್ ಹುಕರ್ ಅವರನ್ನು ನೀವು ಸೋಲಿಸುತ್ತೀರಾ’ ಎಂದು ತನ್ನ ಮಕ್ಕಳು ಮತ್ತೆಮತ್ತೆ ಕೇಳುತ್ತಿರುವುದನ್ನೂ ತಿಳಿಸುತ್ತಾನೆ. ಕೆಲವೇ ವಾರಗಳಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ: ಮೊಳೆಯುವ ಶಕ್ತಿ ಉಳಿದರೇನು, ಬೀಜಗಳು ಮುಳುಗುತ್ತವೆ. ಈ ಕೃತಘ್ನ ಪೋಕರಿಗಳಿಗೆ ಉಪ್ಪು ಹಾಕಿ ಪಟ್ಟ ಶ್ರಮವೆಲ್ಲ ವ್ಯರ್ಥವಾಯಿತಲ್ಲ ಎಂದು ಬೀಜಗಳನ್ನೇ ಶಪಿಸುತ್ತಾನೆ.

ಅಲ್ಲಿಗೆ ಕೈಬಿಡದೆ ಅವನು ಕಾಯಿ ಬಲಿತ ಗಿಡಗಳನ್ನೇ ಒಣಗಿಸಿ ತೇಲಿಬಿಟ್ಟ. 1859ರಲ್ಲಿ ಪ್ರಕಟವಾದ ಪ್ರಭೇದಗಳ ಉಗಮದ ಗ್ರಂಥದಲ್ಲಿ ಈ ದುಡಿಮೆಯ ಫಲ ಒಂದೆರಡು ಪುಟಗಳಿಗೆ ಇಳಿದಿದೆ: 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ಉಪ್ಪುನೀರಿನಲ್ಲಿದ್ದೂ ಮೊಳೆತವು, ಹಸಿಯಾಗಿದ್ದಾಗ ತಕ್ಷಣ ಮುಳುಗುತ್ತಿದ್ದ ಹೇಜಲ್ ಕಾಯಿಗಳು ಒಣಗಿಸಿದ ಮೇಲೆ 90 ದಿನ ತೇಲಿದವು. ಗ್ರಂಥವನ್ನಷ್ಟೇ ಓದಿದವರಿಗೆ ಇವು ಅಂಕಿಗಳು. ಪತ್ರಗಳನ್ನು ಓದಿದವರಿಗೆ, ಸ್ನೇಹಿತನ ಆಕ್ಷೇಪಣೆಯೊಂದು ಹೇಗೆ ಪ್ರಯೋಗವಾಯಿತು, ಪ್ರಯೋಗದ ಸೋಲು ಹೇಗೆ ಮುಂದಿನ ಪ್ರಯೋಗವನ್ನು ಹುಟ್ಟಿಸಿತು ಎಂಬುದು ತಿಂಗಳು ತಿಂಗಳಿಗೂ ಕಾಣಿಸುತ್ತದೆ. ವಿಜ್ಞಾನ ಕಲಿಸುವವರೆಲ್ಲ ಈ ಪತ್ರಗಳನ್ನು ಓದಬೇಕೆಂದು ನಾನು ಒತ್ತಿ ಹೇಳಬಯಸುತ್ತೇನೆ. ಡಾರ್ವಿನ್ ಮತ್ತು ಹುಕರ್ ನಡುವಿನ ಪತ್ರಗಳೇ ಸುಮಾರು 1,400 ಇವೆ, ಬೇರೆ ಯಾವುದನ್ನೂ ಓದದೆ ಇವನ್ನಷ್ಟೇ ಓದಿದರೂ ಸಾಕಷ್ಟಾಯಿತು.

ಪಳೆಯುಳಿಕೆಗಳ ಕುರಿತ ಪತ್ರಗಳು ಇಷ್ಟು ದೀರ್ಘವಾದ ಸರಣಿಯಾಗಿ ಸಿಗುವುದಿಲ್ಲವಾದರೂ ಒಂದೊಂದೂ ಜೀವಂತವಾಗಿವೆ. ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳಿಂದ ಹೆಸರು ಮಾಡಿದ್ದ ಹ್ಯೂ ಫಾಲ್ಕನರ್, ಬ್ರಿಟಿಷ್ ಮ್ಯೂಸಿಯಂ ಕೊಂಡುಕೊಂಡಿದ್ದ ಆರ್ಕಿಯಾಪ್ಟೆರಿಕ್ಸ್ ಬಗ್ಗೆ 1863ರ ಜನವರಿಯಲ್ಲಿ ಬರೆದ ಪತ್ರ ಅಂಥದ್ದು. ಹಕ್ಕಿ ಮತ್ತು ಸರೀಸೃಪಗಳ ಲಕ್ಷಣಗಳೆರಡನ್ನೂ ಹೊತ್ತ ಆ ಜೀವಿಯ ಬಗ್ಗೆ ಕೂತು ಹರಟಲು ನೀವು ಇಲ್ಲಿರಬೇಕಿತ್ತು ಎನ್ನುವ ಅವನ ಉತ್ಸಾಹವೂ, ಅಂಗರಚನಾ ವಿಜ್ಞಾನಿ ರಿಚರ್ಡ್ ಓವನ್ ಕೊಟ್ಟ ವಿವರಣೆ ಅವಸರದ್ದೆಂಬ ಅಸಮಾಧಾನವೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಬಂದಿವೆ.

ಹೆಸರಾಂತರ ನಡುವೆ ತೋಟದ ಕೆಲಸಗಾರರ ಪತ್ರಗಳೂ ಸಮಾನ ಗೌರವದಿಂದ ಸಂಪಾದನೆಗೊಂಡಿರುವುದು ನನಗೆ ವಿಶೇಷವಾಗಿ ಮೆಚ್ಚುಗೆಯಾದ ಸಂಗತಿ. ಎಡಿನ್‌ಬರೋ ಸಸ್ಯೋದ್ಯಾನದ ತೋಟಗಾರ ಜಾನ್ ಸ್ಕಾಟ್ 1862ರಲ್ಲಿ ಡಾರ್ವಿನ್‌ಗೆ ಪತ್ರ ಬರೆದು, ಅಕ್ರೊಪೆರಾ ಎಂಬ ಆರ್ಕಿಡ್ ಬಗ್ಗೆ ನೀವು ಹೇಳಿದ್ದು ಸರಿಯಲ್ಲವೆಂದು ತೋರಿಸಿಕೊಟ್ಟ. ಡಾರ್ವಿನ್ ಅದನ್ನು ಒಪ್ಪಿಕೊಂಡದ್ದಷ್ಟೇ ಅಲ್ಲ, ಅವನಿಗೆ ಪ್ರಯೋಗಗಳನ್ನು ಸೂಚಿಸಿ, ಪ್ರಬಂಧ ಬರೆಯಲು ಹುರಿದುಂಬಿಸಿ, ಮುಂದೆ 1864ರಲ್ಲಿ ಅವನು ಕಲ್ಕತ್ತೆಗೆ ಹೋಗಲು ಹುಕರ್ ಜೊತೆಗೂಡಿ ನೆರವಾದ.

1858ರ ಜೂನ್ ತಿಂಗಳನ್ನು ಓದುವಾಗ ಮಾತ್ರ ಭಂಡಾರದ ಮಿತಿ ತಿಳಿಯುತ್ತದೆ. ಪ್ರಭೇದಗಳು ಬದಲಾಗುವ ಬಗೆಯ ಕುರಿತು ಡಾರ್ವಿನ್‌ನ ಸಿದ್ಧಾಂತವನ್ನೇ ಸ್ವತಂತ್ರವಾಗಿ ಮುಟ್ಟಿದ್ದ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್, ಅದನ್ನು ವಿವರಿಸುವ ಪ್ರಬಂಧದೊಂದಿಗೆ ಇಂದಿನ ಇಂಡೋನೇಷ್ಯಾದ ಟೆರ್ನಾಟೆ ದ್ವೀಪದಿಂದ ಡಾರ್ವಿನ್‌ಗೆ ಕಳಿಸಿದ ಪತ್ರ ಉಳಿದುಬಂದಿಲ್ಲ, ಆದ್ದರಿಂದ ಇಡೀ ಪ್ರಸಂಗವನ್ನು ನಾವು ಡಾರ್ವಿನ್‌ನ ಕಡೆಯಿಂದಲೇ ನೋಡಬೇಕಾಗಿದೆ. ಜೂನ್ 18ರಂದು ಅವನು ಭೂವಿಜ್ಞಾನಿ ಚಾರ್ಲ್ಸ್ ಲಯೆಲ್‌ಗೆ ಬರೆದ ಆಘಾತದ ಪತ್ರವಿದೆ. ಜೂನ್ 28ರಂದು ಅವನ ಎಳೆಯ ಮಗು ತೀರಿಕೊಂಡಿತು, ಮರುದಿನವೇ ಅವನು ಹುಕರ್‌ಗೆ ಎರಡು ಪತ್ರಗಳನ್ನು ಬರೆದ. ಹಾರ್ವರ್ಡಿನ ಸಸ್ಯವಿಜ್ಞಾನಿ ಏಸಾ ಗ್ರೇಗೆ 1857ರ ಸೆಪ್ಟೆಂಬರ್ 5ರಂದು ತಾನು ಬರೆದಿದ್ದ ಪತ್ರದ ಸಾರಾಂಶ ಮುಂತಾದ ಕಾಗದಗಳನ್ನು ಆ ದುಃಖದ ನಡುವೆಯೇ ಹುಡುಕಿ ಕಳಿಸಿದ. ಅವು ವಾಲೇಸನ ಪ್ರಬಂಧದೊಂದಿಗೆ ಜುಲೈ 1ರಂದು ಲಂಡನ್ನಿನ ನಿಸರ್ಗವಿಜ್ಞಾನಿಗಳ ಸಂಘವಾದ ಲಿನಿಯನ್ ಸೊಸೈಟಿಯಲ್ಲಿ ಓದಲ್ಪಟ್ಟವು. ಇಲ್ಲಿ ಅಡಿಟಿಪ್ಪಣಿಗಳನ್ನು ಬಿಡದೆ ಓದಬೇಕು. ಯಾವ ಕಾಗದ ಯಾವಾಗ ಯಾರ ಕೈ ಸೇರಿತು ಎಂಬುದು ಅವುಗಳ ನೆರವಿಲ್ಲದೆ ಸ್ಪಷ್ಟವಾಗುವುದಿಲ್ಲ.

ಬಳಕೆಯ ದೃಷ್ಟಿಯಿಂದ ಕೆಲವು ಮಾತುಗಳು. ಪತ್ರದ ಜೊತೆ ಸಂಕ್ಷಿಪ್ತ ಸಾರಾಂಶವಿರುವುದರಿಂದ ತೆರೆಯಬೇಕೇ ಬೇಡವೇ ಎಂದು ಬೇಗ ನಿರ್ಧರಿಸಬಹುದು. ಜರ್ಮನ್ ಮತ್ತು ಫ್ರೆಂಚ್ ಪತ್ರಗಳಿಗೆ ಇಂಗ್ಲಿಷ್ ಅನುವಾದವಿದೆ. ಶಾಲೆಗಳಿಗಾಗಿ ಪಾಠಸಾಮಗ್ರಿಯೂ ಇದೆ. ಕೈಬರಹವನ್ನೇ ನೋಡಬೇಕೆನ್ನುವವರು ಹುಕರ್ ಪತ್ರಗಳ ಚಿತ್ರಗಳಿಗಾಗಿ ಕೇಂಬ್ರಿಡ್ಜ್ ಡಿಜಿಟಲ್ ಲೈಬ್ರರಿಗೆ ಹೋಗಬೇಕು. ಪ್ರಸಿದ್ಧ ವಾಕ್ಯಗಳನ್ನು ಹುಡುಕಿ ಓದುವ ಕ್ರಮವನ್ನು ನಾನು ಶಿಫಾರಸು ಮಾಡುವುದಿಲ್ಲ. ಹೂಬಿಡುವ ಸಸ್ಯಗಳ ಹಠಾತ್ ಏಳಿಗೆ ಒಂದು ಅಸಹ್ಯ ರಹಸ್ಯ ಎಂದು ಡಾರ್ವಿನ್ 1879ರಲ್ಲಿ ಹುಕರ್‌ಗೆ ಹೇಳಿದ್ದು ಬಿಡಿಯಾಗಿ ಓದಿದರೆ ಚಮತ್ಕಾರದ ಮಾತೆನಿಸುತ್ತದೆ, ಮೂರೂವರೆ ದಶಕಗಳ ಚರ್ಚೆಯ ಕೊನೆಯಲ್ಲಿ ಓದಿದರೆ ಅದರ ಹಿಂದಿನ ಕಳವಳ ಅರ್ಥವಾಗುತ್ತದೆ. ಒಬ್ಬ ವ್ಯಕ್ತಿಯನ್ನು, ಒಂದು ಪ್ರಶ್ನೆಯನ್ನು ಹಿಡಿದು ದಿನಾಂಕದ ಕ್ರಮದಲ್ಲಿ ಸಾಗುವುದೇ ಲೇಸು. ಬೀಜಗಳೂ ಸಣ್ಣ ಜೀವಿಗಳೂ ದೂರದೂರಕ್ಕೆ ಹೇಗೆ ಪ್ರಯಾಣಿಸುತ್ತವೆ ಎಂಬ ಪ್ರಶ್ನೆಯನ್ನೇ ಹಿಡಿದರೆ 1882ರವರೆಗೂ ಬರಬಹುದು: ನೀರುಜೀರುಂಡೆಯ ಕಾಲಿಗೆ ಕಚ್ಚಿಕೊಂಡ ಪುಟ್ಟ ಚಿಪ್ಪುಜೀವಿಯ ಬಗ್ಗೆ ಡಬ್ಲ್ಯು. ಡಿ. ಕ್ರಿಕ್ ಎಂಬಾತ ಆ ವರ್ಷ ಬರೆದು ತಿಳಿಸಿದಾಗ, ಸಾವಿಗೆ ಕೆಲವೇ ವಾರಗಳ ದೂರದಲ್ಲಿದ್ದ ಡಾರ್ವಿನ್ ಅದೇ ಹಳೆಯ ಕುತೂಹಲದಿಂದ ಪ್ರಶ್ನೆ ಕೇಳುತ್ತಾನೆ. ಈ ಕ್ರಿಕ್, ಡಿಎನ್‌ಎ ರಚನೆಯನ್ನು ಬಿಡಿಸಿದ ಫ್ರಾನ್ಸಿಸ್ ಕ್ರಿಕ್‌ನ ಅಜ್ಜ.

ಒಂದು ಕೊರತೆಯನ್ನು ಹೇಳಲೇಬೇಕು. ಎಲ್ಲವೂ ಡಾರ್ವಿನ್ ಎಂಬ ಒಬ್ಬನ ಸುತ್ತ ಇರುವುದರಿಂದ, ಹುಕರ್ ಮತ್ತು ಗ್ರೇ ಅವನನ್ನು ಬಿಟ್ಟು ತಮ್ಮಲ್ಲೇ ಏನು ಚರ್ಚಿಸಿದರು ಎಂಬುದು ಇಲ್ಲಿ ಕಾಣುವುದಿಲ್ಲ, ಆ ಕಾಲದ ವಿಜ್ಞಾನವೆಲ್ಲ ಒಂದೇ ಮನೆಯ ಬಾಗಿಲಿಗೆ ಬರುತ್ತಿತ್ತೆಂಬ ಭಾವನೆಯೂ ಓದುಗರಲ್ಲಿ ಬೆಳೆಯುವ ಅಪಾಯವಿದೆ. ಇದಕ್ಕೆ ಪರಿಹಾರವಾಗಿ, ಹತ್ತೊಂಬತ್ತನೆಯ ಶತಮಾನದ ಹಲವು ವಿಜ್ಞಾನಿಗಳ ಪತ್ರಗಳನ್ನು ಒಂದೇ ಕಡೆ ಹುಡುಕಲು ಅನುವು ಮಾಡಿಕೊಡುವ ‘ಎಪ್ಸಿಲಾನ್’ ಎಂಬ ಜಾಲತಾಣವನ್ನೂ, ಲಂಡನ್ನಿನ ಕ್ಯೂ ಸಸ್ಯೋದ್ಯಾನ ನಡೆಸುವ ಜೋಸೆಫ್ ಹುಕರ್ ಪತ್ರಗಳ ಸಂಗ್ರಹವನ್ನೂ ಇದರ ಜೊತೆಯಲ್ಲೇ ತೆರೆದಿಟ್ಟುಕೊಂಡು ಓದುವುದು ಒಳ್ಳೆಯದು.