ಎದೆಯುರಿಗೆ ಹಾಲಾ, ಪುದೀನಾ ಟೀಯಾ, ಅಂಬಲಿಯಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಬಲಿ ಪಕ್ಷ. ಉಳಿದೆರಡನ್ನೂ ಕುಡಿದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಬಾಗಿಲು ಹಾಕಿ ಮನೆ ಸೇರುವಾಗ ಒಂಬತ್ತೂಕಾಲು. ಕೈಕಾಲು ತೊಳೆದು ಕೂತರೆ ನಾಲ್ಕು ಅಕ್ಕಿರೊಟ್ಟಿ, ಜೊತೆಗೆ ಎಣ್ಣೆಗಾಯಿ. ಅವರೆಕಾಯಿ ಕಾಲದಲ್ಲಂತೂ ಹಿದುಕಿದ ಬೇಳೆ ಸಾರಿಗೆ ಲೆಕ್ಕವೇ ಇಲ್ಲ. ಹತ್ತೂವರೆಗೆ ಹಾಸಿಗೆ. ಒಂದು ಗಂಟೆಗೆ ಗಂಟಲಿಗೆ ಹುಳಿನೀರು ಬಂದು ಎಚ್ಚರ.

ಅನ್ನನಾಳ ಹೊಟ್ಟೆ ಸೇರುವ ಕಡೆ, ಚೀಲದ ಬಾಯಿಗೆ ದಾರ ಬಿಗಿದ ಹಾಗೆ ಒಂದು ಸ್ನಾಯು ಇದೆಯಂತೆ. ಅದು ಸಡಿಲವಾದರೆ ಆಮ್ಲ ಮೇಲೆ ಬರುತ್ತದೆ. ಜಿಡ್ಡು ಜಾಸ್ತಿಯಾದರೆ ಹೊಟ್ಟೆ ಖಾಲಿಯಾಗೋದೂ ನಿಧಾನ. ಊಟಕ್ಕೂ ಮಲಗೋದಕ್ಕೂ ಮೂರು ಗಂಟೆ ಅಂತರ ಇರಲಿ ಅಂದರು ಡಾಕ್ಟರು. ಆ ಕೊನೆಯ ಮಾತೊಂದು ಬಿಟ್ಟು ಉಳಿದಿದ್ದೆಲ್ಲ ಕಿವಿಗೆ ಹಾಕಿಕೊಂಡೆ.

ತಣ್ಣನೆ ಹಾಲು ಕುಡಿದ ಕೂಡಲೇ ಹಾಯ್ ಅನ್ನಿಸುತ್ತದೆ, ಸುಳ್ಳಲ್ಲ. ಆದರೆ ಅದನ್ನು ಅರಗಿಸೋಕೆ ಹೊಟ್ಟೆ ಮತ್ತೆ ಆಮ್ಲ ಸುರಿಸುತ್ತದೆ. ಒಂದು ಗಂಟೆಯ ಎಚ್ಚರ ಮೂರು ಗಂಟೆಗೆ ಹೋಯಿತು, ಅಷ್ಟೇ.

ಪುದೀನಾ ಟೀಗೆ 320 ರೂಪಾಯಿ ದಂಡ. ಪುದೀನಾ ಆ ಸ್ನಾಯುವನ್ನೇ ಸಡಿಲ ಮಾಡುತ್ತದೆ ಅಂತ ಗೊತ್ತಾಗಿದ್ದು ನಾಲ್ಕು ರಾತ್ರಿ ದಿಂಬಿಗೆ ಒರಗಿ ಕೂತ ಮೇಲೆ. ಉಳಿದಿದ್ದು ನಾದಿನಿಗೆ ಹೋಯಿತು. ಅವಳದು ಬರೀ ಗ್ಯಾಸು, ಅವಳಿಗೆ ಚೆನ್ನಾಗಿಯೇ ಹಿಡಿಸಿದೆ.

ಇನ್ನು ಅಂಬಲಿ. ಜಿಡ್ಡಿಲ್ಲ, ಖಾರವಿಲ್ಲ, ಏಳು ಗಂಟೆಗೆ ಅಂಗಡಿಯಲ್ಲೇ ಕುಡಿದು ಮುಗಿಸಬಹುದು. ತೊಂದರೆ ಕೊಟ್ಟಿದ್ದು ಫ್ಲಾಸ್ಕು.

ಉದ್ದನೆಯದು, ಬಾಯಿ ಚಿಕ್ಕದು, 850 ರೂಪಾಯಿ. ಮಧ್ಯಾಹ್ನ ಊಟಕ್ಕೆ ಹೋದಾಗ ಮನೆಯವಳು ಬಿಸಿ ಅಂಬಲಿ ತುಂಬಿಸಿಕೊಟ್ಟಳು. ಏಳಕ್ಕೆ ಬಗ್ಗಿಸಿದರೆ ಒಂದು ಹನಿ ಇಲ್ಲ. ತಲೆಕೆಳಗು ಮಾಡಿ ತಳ ಬಡಿದೆ. ಎರಡಿಂಚಿನ ಮೊಳೆ ಕೇಳಲು ಬಂದವನು ಮೊಳೆ ಮರೆತು ನನ್ನನ್ನೇ ನೋಡುತ್ತಿದ್ದ. ಕೊನೆಗೆ ಬೈಂಡಿಂಗ್ ವಯರ್ ಬಗ್ಗಿಸಿ ಒಳಗೆ ತಿವಿದೆ. ಹಾಲುಬಾಯಿ ತುಂಡಿನ ಹಾಗೆ ಧೊಪ್ ಅಂತ ಬಿತ್ತು, ಅರ್ಧ ಲೋಟಕ್ಕೆ, ಅರ್ಧ ಬಿಲ್ ಪುಸ್ತಕಕ್ಕೆ. ತಳಕ್ಕೆ ಬ್ರಷ್ ಹೋಗಲಿಲ್ಲ, ಮಾರನೇ ದಿನ ಹಳಸಲು ವಾಸನೆ.

ತೆಳ್ಳಗೆ ಮಾಡೋಣ ಅಂತ ಭಾನುವಾರ ನಾನೇ ಒಲೆ ಮುಂದೆ ನಿಂತೆ. ಕುದಿಯುವ ನೀರಿಗೆ ನೇರ ಹಿಟ್ಟು ಸುರಿದೆ. ಗಂಟೋ ಗಂಟು! ಒಡೆದು ನೋಡಿದರೆ ಒಳಗೆ ಒಣ ಹಿಟ್ಟು ಹಾಗೇ ಕೂತಿದೆ. ಅರಸೀಕೆರೆಯಿಂದ ಅತ್ತೆ ಫೋನಲ್ಲೇ ಪಾಠ ಮಾಡಿದರು: "ಅಳಿಯಂದ್ರೇ, ಹಿಟ್ನ ಮೊದ್ಲು ತಣ್ಣೀರಲ್ಲಿ ಕದಡ್ಕಳಿ. ಆಮೇಲೆ ಕುದಿಯೋ ನೀರಿಗೆ ಬಿಡಿ, ಕೈ ನಿಲ್ಲಿಸ್ಬೇಡಿ."

ಈಗ ಅಗಲ ಬಾಯಿಯ ಸ್ಟೀಲ್ ಡಬ್ಬಿ ಒಯ್ಯುತ್ತೇನೆ, 340 ರೂಪಾಯಿ. ಮಜ್ಜಿಗೆ ಬೇರೆ ಬಾಟಲಿಯಲ್ಲಿ, ಕುಡಿಯುವಾಗ ಬೆರೆಸೋದು. ಅದು ಹುಳಿ ಬಂದಿದ್ದರೆ ನನಗೆ ಅದೂ ಉರಿಯೇ.

ರಾತ್ರಿ ಮನೆಯಲ್ಲಿ ಒಂದು ಬಾಳೆಹಣ್ಣು ಮಾತ್ರ. ಅಕ್ಕಿರೊಟ್ಟಿ ಬೆಳಗ್ಗೆಗೆ ಬಂತು, ಎರಡೇ. ಕಾಫಿ ಬಿಟ್ಟಿಲ್ಲ, ಬಿಡೋದೂ ಇಲ್ಲ. ಸಂಜೆಯ ಲೋಟ ನಿಂತಿದೆ, ಪುಡಿಯಲ್ಲಿ ರೋಬಸ್ಟಾ ಜಾತಿಯ ಬೀಜ ಕಮ್ಮಿ ಮಾಡಿಸಿದ್ದೇನೆ. ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎಡಮಗ್ಗುಲಿಗೆ ಮಲಗುತ್ತೇನೆ.

ರಾಗಿ ಅತ್ತೆ ಮನೆಯದು, ಮಿಲ್ಲಿನ ಕೂಲಿ ಬಿಟ್ಟರೆ ಖರ್ಚಿಲ್ಲ. ಆರಕ್ಕೇ ಮನೆ ಸೇರುವವರಿಗೆ ಈ ಡಬ್ಬಿ ಸಾಹಸ ಯಾಕೆ? ಏಳಕ್ಕೆ ಮುದ್ದೆ, ಖಾರ ಕಮ್ಮಿಯ ಬಸ್ಸಾರು ಉಂಡರೆ ಸಾಕು. ವಾರಕ್ಕೆ ಎರಡು ಮೂರು ಸಲ ಉರಿ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಎದೆ ಹಿಂಡಿ, ಬೆವರು ಬಂದು, ನೋವು ತೋಳಿಗೆ ಇಳಿದರೆ ಮಾತ್ರ ಅಂಬಲಿ, ಹಾಲು ಅಂತ ಕೂರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ಹಳೇ ಫ್ಲಾಸ್ಕೂ ದಿನಾ ನನ್ನ ಜೊತೆ ಅಂಗಡಿಗೆ ಬರುತ್ತದೆ. ಗಟ್ಟಿಯಾದ ಅಂಬಲಿಗೆ ಬೆರೆಸೋಕೆ ಬಿಸಿನೀರು ಬೇಕಲ್ವಾ?