ಅಮ್ಮತ್ತಿಯ ತೋಟದಲ್ಲಿ ಮೂರು ವರ್ಷದ ಎಲೆಕ್ಟ್ರಿಕ್ ಕಾರು ಮತ್ತು ಪಿಕಪ್ಪಿನ ಆಸೆ

ಟಾಟಾ ನೆಕ್ಸಾನ್ ಇವಿ ಮ್ಯಾಕ್ಸ್ ಕಾರನ್ನು ನಾನು ಕೊಂಡದ್ದು 2022ರ ನವೆಂಬರಿನಲ್ಲಿ. ಮೂರು ವರ್ಷಗಳಲ್ಲಿ ಅದು 51,000 ಕಿಲೋಮೀಟರ್ ಓಡಿದೆ. ಕೊಡಗಿನ ಅಮ್ಮತ್ತಿಯ ಬಳಿ ನಮಗೆ ಹದಿನೆಂಟು ಎಕರೆ ತೋಟವಿದ್ದು, ಅದರಲ್ಲಿ ಹೆಚ್ಚಿನದು ರೋಬಸ್ಟಾ ಕಾಫಿ, ನಡುನಡುವೆ ಕರಿಮೆಣಸು. ಈ ಕಾರನ್ನು ಮಾರಿ ಎಲೆಕ್ಟ್ರಿಕ್ ಪಿಕಪ್ ತರಬೇಕೇ ಎಂಬ ಪ್ರಶ್ನೆ ಕಳೆದ ಕೊಯ್ಲಿನಿಂದಲೂ ಮನೆಯಲ್ಲಿ ಚರ್ಚೆಯಾಗುತ್ತಿದ್ದುದರಿಂದ, ಈ ವಿಮರ್ಶೆಯು ಅರ್ಧ ಕಾರಿನ ಕುರಿತು, ಉಳಿದರ್ಧ ಆ ಪ್ರಶ್ನೆಯ ಕುರಿತು.

ಕಾರಿನ ಬ್ಯಾಟರಿ 40.5 ಯೂನಿಟ್ಟಿನದು. ಒಂದು ಚಾರ್ಜಿಗೆ ಕಾಗದದ ಮೇಲಿನ ದೂರ 437 ಕಿಲೋಮೀಟರ್. ಅದು ಪರೀಕ್ಷಾಲಯದ ಅಂಕಿಯೆಂದು ತಿಳಿದೇ ಕೊಂಡದ್ದರಿಂದ, ನಮ್ಮ ಏರಿಳಿತದ ರಸ್ತೆಯಲ್ಲಿ 260 ಸಿಕ್ಕಿದಾಗ ನನಗೆ ಬೇಸರವಾಗಲಿಲ್ಲ. ಮನೆಯಲ್ಲೇ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು ಬೀಳುತ್ತದೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುವುದರಿಂದ ಆ ಚಿಂತೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಟೈರುಗಳನ್ನು ಒಮ್ಮೆ ಬದಲಿಸಿದೆ.

ಘಟ್ಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪಿಕಪ್ಪಿನ ತೀರ್ಮಾನವೂ ಅಲ್ಲಿಯೇ ನಿಂತಿದೆ. ಸುಳ್ಯದಿಂದ ಸಂಪಾಜೆ ದಾಟಿ ಮಡಿಕೇರಿಗೆ ಬರುವಾಗ ವಾಹನವು ಸುಮಾರು ಸಾವಿರ ಮೀಟರ್ ಮೇಲೇರುತ್ತದೆ. ಜನರೂ ಸೇರಿ 1,700 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು, ರಸ್ತೆಯ ಘರ್ಷಣೆ, ಗಾಳಿಯ ತಡೆ ಎಲ್ಲವನ್ನೂ ಬಿಟ್ಟು, 4.6 ಯೂನಿಟ್ ವಿದ್ಯುತ್ ಬೇಕು. ಹಾಗಾಗಿ ಏರುವಾಗ ಬ್ಯಾಟರಿಯ ಶೇಕಡಾ 29ರಷ್ಟು ಖರ್ಚಾದರೆ, ಅದೇ ದಾರಿಯಲ್ಲಿ ಇಳಿಯುವಾಗ ಮೋಟಾರು ತಾನೇ ಡೈನಮೋ ಆಗಿ ಒಂದಿಷ್ಟನ್ನು ಹಿಂದಿರುಗಿಸುವುದರಿಂದ ಶೇಕಡಾ 10ರಲ್ಲಿ ಮುಗಿಯುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿರುವಾಗ ಈ ರೀಜೆನ್ ಸರಿಯಾಗಿ ಹಿಡಿಯುವುದಿಲ್ಲ. ಮೊದಲ ವರ್ಷ ಇದನ್ನರಿಯದೆ ಮಡಿಕೇರಿಯಲ್ಲಿ ನೂರಕ್ಕೆ ನೂರು ತುಂಬಿಸಿ ಇಳಿಯತೊಡಗಿದವನು, ಕಾಲು ಎತ್ತಿದರೂ ಕಾರು ನಿಧಾನವಾಗದ್ದನ್ನು ಕಂಡು ಎರಡು ತಿರುವುಗಳಲ್ಲಿ ಬೆವೆತಿದ್ದೆ. ಈಗ ಘಟ್ಟ ಇಳಿಯುವ ದಿನ 85ಕ್ಕೇ ನಿಲ್ಲಿಸುತ್ತೇನೆ.

ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಹೊಸದಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಶೇಕಡಾ 60ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇವೆ. ಅದಕ್ಕಿಂತ ಹೆಚ್ಚು ಕಾಡಿದ್ದು ಬೇಸಿಗೆಯ ಅರ್ಥಿಂಗ್. ಮಾರ್ಚಿನಲ್ಲಿ ಮಣ್ಣು ಒಣಗಿ ಬಿರಿದಾಗ ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತಿತ್ತು. ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಬಾರಿ ನಾಲ್ಕು ಕೊಡ ನೀರು ಸುರಿಯುವುದೇ ಅದಕ್ಕೆ ಮದ್ದೆಂದು ತೋಟದ ಎಲೆಕ್ಟ್ರಿಷಿಯನ್ ತೋರಿಸಿಕೊಟ್ಟರು.

ಇನ್ನು ಸದ್ದಿಲ್ಲದ ಓಟ. ಇದನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಸಂಜೆಯ ಹೊತ್ತು ತೋಟದ ದಾರಿಯಲ್ಲಿ, ತಿರುವಿನಾಚೆ ಆನೆ ನಿಂತಿರಬಹುದಾದ ಊರಿನಲ್ಲಿ, ನಾವು ಬರುವುದು ಅದಕ್ಕೆ ಮೊದಲೇ ಕೇಳಿಸುವುದೇ ಕ್ಷೇಮವೆಂದು ನನ್ನ ಅನಿಸಿಕೆ.

ಹಾಗಾದರೆ ಪಿಕಪ್ಪಿನ ಆಸೆ ಏಕೆ ಹುಟ್ಟಿತು? ಹಿಂದಿನ ಸೀಟು ಮಡಚಿ ಯೂರಿಯಾದ 45 ಕಿಲೋ ಚೀಲಗಳನ್ನು ಮೂರೋ ನಾಲ್ಕೋ ತರುವುದು, ಮರುದಿನ ಅದೇ ಸೀಟಿನಲ್ಲಿ ಅಮ್ಮನನ್ನು ಕೂರಿಸಿ ಆಸ್ಪತ್ರೆಗೆ ಹೊರಡುವುದು, ಆ ವಾಸನೆಗೆ ಅವರು ದಾರಿಯುದ್ದಕ್ಕೂ ಮೂಗು ಮುಚ್ಚಿಕೊಳ್ಳುವುದು: ಇಷ್ಟು ಸಾಕಾಯಿತು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪೈಪುಗಳನ್ನು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಸಾಗಿಸಲು ಕಾರು ಯಾವ ಉಪಯೋಗಕ್ಕೂ ಬರುವುದಿಲ್ಲ.

ನಾನು ಬಯಸುವುದು ನಾಲ್ಕೂ ಚಕ್ರಗಳಿಗೆ ಶಕ್ತಿಯಿರುವ, ಐದು ಜನ ಕೂರಬಹುದಾದ ಪಿಕಪ್ಪನ್ನು. ಅಮೆರಿಕದಲ್ಲಿ 2021ರಲ್ಲಿ ರಿವಿಯನ್ ಆರ್1ಟಿ, ಮರುವರ್ಷ ಫೋರ್ಡ್ ಎಫ್-150 ಲೈಟ್ನಿಂಗ್ ಗ್ರಾಹಕರ ಕೈಸೇರಿದವು. ಅವು ಇಲ್ಲಿಗೆ ಬರಲಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ನಾನು ಅಳೆದು ತೂಗಿದ ಟಾಟಾ ಏಸ್ ಇವಿ, ಮಹೀಂದ್ರ ಝಿಯೋ ಮೊದಲಾದವು ಪೇಟೆಯೊಳಗೆ ಸರಕು ಹಂಚಲೆಂದು ರೂಪಿಸಿದ ಗಾಡಿಗಳು. 2022ರ ಏಸ್ ಇವಿಯು 600 ಕಿಲೋ ಹೊರುತ್ತದೆ, ಅಂದರೆ 50 ಕಿಲೋದ ಹನ್ನೆರಡು ಚೀಲ. 2024ರ ಮಾದರಿ ಒಂದು ಟನ್, ಇಪ್ಪತ್ತು ಚೀಲ. ಮೊದಲಿನದರ ಬ್ಯಾಟರಿ 21.3 ಯೂನಿಟ್, ಘೋಷಿತ ದೂರ 154 ಕಿಲೋಮೀಟರ್. ಭರ್ತಿ ಹೇರಿದಾಗ ಅದರ ಒಟ್ಟು ತೂಕ ಜನ ಕುಳಿತ ನನ್ನ ಕಾರಿನ ಆಸುಪಾಸಿನಲ್ಲೇ ಇರುವುದರಿಂದ ಘಟ್ಟವು ಅದರಿಂದಲೂ ಸುಮಾರು ಐದು ಯೂನಿಟ್ ವಸೂಲು ಮಾಡುತ್ತದೆ. ಆದರೆ ಕೊಡಬೇಕಾದ ಬ್ಯಾಟರಿ ಅರ್ಧದಷ್ಟು. ಕಾಫಿಯ ಸಿಪ್ಪೆ ತೆಗೆದು ಹದಮಾಡುವ ಹುಣಸೂರಿನ ಕ್ಯೂರಿಂಗ್ ಕೇಂದ್ರಕ್ಕೆ ಹೋಗಿ ಬರುವುದೇ ನಮಗೆ 120 ಕಿಲೋಮೀಟರ್ ಆಗುವುದರಿಂದ, ಮಧ್ಯೆ ಚಾರ್ಜ್ ಮಾಡದೆ ಮರಳುವ ಧೈರ್ಯ ನನಗಿಲ್ಲ.

ಪರಿಚಯದವರೊಬ್ಬರ ಪುಟ್ಟ ಎಲೆಕ್ಟ್ರಿಕ್ ಪಿಕಪ್ಪನ್ನು ಮೂರು ದಿನ ಎರವಲು ತಂದು ನೋಡಿದೆ. ಒಣ ದಾರಿಯಲ್ಲಿ ಹತ್ತು ಚೀಲ ಹೊತ್ತು ಕಣದವರೆಗೆ ಅದು ಏರಿದ ರೀತಿ ನಿಜಕ್ಕೂ ಮೆಚ್ಚುವಂಥದ್ದು. ಕ್ಲಚ್ ಸುಡುವ ಪ್ರಶ್ನೆಯೇ ಇಲ್ಲ. ಮೂರನೆಯ ದಿನ ಮಳೆ ಬಂತು. ಖಾಲಿ ಗಾಡಿ, ಹಿಂದಿನ ಚಕ್ರಗಳ ಮೇಲೆ ಭಾರವಿಲ್ಲ, ಶಕ್ತಿ ಬರುವುದು ಅವಕ್ಕೇ; ಕೆಲಸಗಾರರ ಲೈನ್ ಮನೆಯ ಕೆಳಗಿನ ಜಾರಿನಲ್ಲಿ ಅದು ನಿಂತಲ್ಲೇ ಚಕ್ರ ತಿರುಗಿಸುತ್ತ ಉಳಿಯಿತು. ಕೊನೆಗೆ ನಮ್ಮ ಹಳೆಯ ಡೀಸೆಲ್ ಜೀಪು ಹಗ್ಗ ಕಟ್ಟಿ ಎಳೆಯಿತು. ಹಾಗೆಂದು ಇದನ್ನು ಆ ಒಂದು ಗಾಡಿಯ ದೋಷವೆನ್ನಲಾರೆ. ಹಿಂಬದಿ ಚಾಲನೆಯ ಯಾವ ಖಾಲಿ ಪಿಕಪ್ಪಾದರೂ ಅಲ್ಲಿ ಹಾಗೆಯೇ ಮಾಡುತ್ತಿತ್ತು.

ಕಾನೂನಿನ ಮಾತೂ ಇದೆ. ಹಸಿರು ಫಲಕದಲ್ಲಿ ಹಳದಿ ಅಕ್ಷರಗಳಿರುವ ಎಲೆಕ್ಟ್ರಿಕ್ ಸರಕು ವಾಹನಕ್ಕೆ ಕಾಲಕಾಲಕ್ಕೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು, ಮತ್ತು ಅದರ ಹಿಂದೆ ಕೆಲಸಗಾರರನ್ನು ಕೂರಿಸುವಂತಿಲ್ಲ. ಎಲ್ಲರೂ ಕೂರಿಸುತ್ತಾರೆ ಎಂಬುದು ಬೇರೆ ಮಾತು. ಮುಂದೆ ಇಬ್ಬರೇ ಕೂರುವ ಗಾಡಿಯಲ್ಲಿ ವಿರಾಜಪೇಟೆಯ ಮದುವೆಗೆ ನಾಲ್ವರು ಹೋಗುವುದು ಹೇಗೆಂದು ಮನೆಯಾಕೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಕೊನೆಗೆ ನಾನು ಮಾಡಿದ್ದು ಒಂದು ಸಣ್ಣ ಲೆಕ್ಕ. ನಮ್ಮ ಫಸಲು ಸುಮಾರು 400 ಚೀಲ; ಅದನ್ನು ಬಾಡಿಗೆ ಲಾರಿ ಎರಡು ಸರದಿಯಲ್ಲಿ ಒಯ್ಯುತ್ತದೆ, ಪುಟ್ಟ ಪಿಕಪ್ಪಿಗೆ ಮೂವತ್ತಕ್ಕೂ ಹೆಚ್ಚು ಸರದಿ ಬೇಕು. ಗೊಬ್ಬರ, ಪೈಪು, ಸಿಮೆಂಟು ಎಂದು ನಿಜವಾಗಿ ಪಿಕಪ್ ಬೇಕಾದದ್ದು ಕಳೆದ ವರ್ಷ ಇಪ್ಪತ್ತಮೂರು ದಿನ. ಕಾರು ಬೇಕಾದದ್ದು ಹೆಚ್ಚುಕಡಿಮೆ ಪ್ರತಿದಿನ. ಆದ್ದರಿಂದ ಕಾರನ್ನೇ ಉಳಿಸಿಕೊಂಡಿದ್ದೇನೆ. ಗೊಬ್ಬರದ ದಿನಗಳಿಗೆ ಅಮ್ಮತ್ತಿಯ ಬಾಡಿಗೆ ಪಿಕಪ್ಪಿನವರಿಗೆ ಹೇಳಿಟ್ಟಿದ್ದೇನೆ, ಹಿಂದಿನ ಸೀಟಿಗೆ ಹಾಸಲು ದಪ್ಪ ಟಾರ್ಪಾಲು ಕೊಂಡಿದ್ದೇನೆ.