ಜಾರುವ ಕೆರೆಯಲ್ಲಿ ದಾರಿ ಹುಡುಕುವ ಗೊಂಬೆ: ಜಿಮ್ನೇಸಿಯಂ ಹೇಗಿದೆ?

ಮೈಸೂರಿನ ಸರಸ್ವತಿಪುರಂನಲ್ಲಿ ಡಿಪ್ಲೊಮಾ ಹುಡುಗರಿಗೆ ಪೈಥಾನ್ ಹೇಳಿಕೊಡುತ್ತೇನೆ. ಎಐ ಅಂದರೆ ಅವರಿಗೆಲ್ಲ ಚಾಟ್ ಮಾಡುವುದು ಅಷ್ಟೇ. ತಾನೇ ನೋಡಿಕೊಂಡು ಹೆಜ್ಜೆ ಇಡುವ ಎಐ ತೋರಿಸೋಣ ಅಂತ ಜಿಮ್ನೇಸಿಯಂ ಹಾಕಿಸಿದೆ. ಎಐಗೆ ಆಟ ಆಡಿಸಿ ಕಲಿಸುವ ಪೈಥಾನ್ ಲೈಬ್ರರಿ ಇದು. ದುಡ್ಡು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಕೂಡ ಬೇಡ, ಹಳೇ ಲ್ಯಾಪ್‌ಟಾಪೇ ಸಾಕು.

ಒಳಗೆ ಆಟಗಳು ಬೇಕಾದಷ್ಟಿವೆ. ನನಗೆ ಹಿಡಿಸಿದ್ದು ಫ್ರೋಜನ್ ಲೇಕ್. ಹೆಪ್ಪುಗಟ್ಟಿದ ಕೆರೆ, 4×4 ಮನೆ, 4 ಗುಂಡಿ. ಗೊಂಬೆ ಗುಂಡಿಗೆ ಬೀಳದೆ ಮೂಲೆ ಸೇರಿದರೆ 1 ಅಂಕ, ಇಲ್ಲದಿದ್ದರೆ ಸೊನ್ನೆ. ಮಜಾ ಇರೋದು ಜಾರುವುದರಲ್ಲಿ. ಬಲಕ್ಕೆ ಹೋಗು ಅಂದರೆ ಸರಾಸರಿ ಮೂರರಲ್ಲಿ ಒಂದು ಸಲ ಮಾತ್ರ ಹೋಗುತ್ತದೆ. ಮಿಕ್ಕಂತೆ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಹಿಂದಕ್ಕೆ ಮಾತ್ರ ಜಾರುವುದಿಲ್ಲ.

ಎರಡನೇ ಸಾಲಿನ ಮೊದಲ ಮನೆ ನೋಡಿ. ಬಲಗಡೆಯೇ ಗುಂಡಿ. ಆಡಿ ಆಡಿ ಚೆನ್ನಾಗಿ ಕಲಿತ ಗೊಂಬೆ ಅಲ್ಲಿ ಎಡಕ್ಕೆ, ಅಂದರೆ ಕೆರೆಯ ಅಂಚಿಗೇ ನುಗ್ಗುತ್ತದೆ! 'ಮೇಡಂ, ಕೋಡ್ ಕೆಟ್ಟಿದೆ' ಅಂದ ಒಬ್ಬ. ಕೆಟ್ಟಿಲ್ಲ ಕಣಪ್ಪ. ಎಡಕ್ಕೆ ನುಗ್ಗಿದರೆ ಅಲ್ಲೇ ನಿಲ್ಲುತ್ತದೆ, ಇಲ್ಲ ಮೇಲೆ ಕೆಳಗೆ ಜಾರುತ್ತದೆ. ಗುಂಡಿ ಕಡೆಗಂತೂ ಹೋಗುವುದೇ ಇಲ್ಲ, ಅಲ್ವಾ?

ಕೊರತೆ ಅಂದರೆ, ನಾವಾಗಿ ಬದಲಿಸದಿದ್ದರೆ ಕೆರೆ ಯಾವಾಗಲೂ ಅದೇ. ಜನರೇಟ್ ರ್‍ಯಾಂಡಮ್ ಮ್ಯಾಪ್ ಅನ್ನುವ ಫಂಕ್ಷನ್ ಕರೆದು ಗುಂಡಿಗಳ ಜಾಗ ಬದಲಿಸಿದೆವು. ದಾರಿ ಒಂದಾದರೂ ಇರುವಂಥ ಕೆರೆಯನ್ನೇ ಅದು ಕೊಡುತ್ತದೆ. ಆದರೂ ನಮ್ಮ ಜಾಣ ಗೊಂಬೆ ಗುಂಡಿಗೆ ಬಿತ್ತು. ಅದಕ್ಕೆ ಗೊತ್ತಾಗುವುದು ತಾನು ನಿಂತ ಮನೆಯ ನಂಬರ್ ಮಾತ್ರ, 0ರಿಂದ 15. ದಸರಾದಲ್ಲಿ ಅರಮನೆ ಸುತ್ತ ಒನ್‌ವೇ ಬದಲಾಯಿಸಿದರೂ ಹಳೇ ದಾರೀಲೇ ಗಾಡಿ ತಿರುಗಿಸಿದ ಹಾಗೆ. ಆಮೇಲೆ 'ಪಿ' ಅನ್ನುವ ಕೋಷ್ಟಕ ತೆಗೆದೆವು. ಯಾವ ಮನೆಯಿಂದ ಎಲ್ಲಿಗೆ ಜಾರಬಹುದು ಅನ್ನೋದೆಲ್ಲ ಅದರಲ್ಲಿದೆ. ಅದರ ಮೇಲೆ ವ್ಯಾಲ್ಯೂ ಇಟರೇಶನ್, ಅಂದರೆ ಪ್ರತಿ ಮನೆ ಎಷ್ಟು ಒಳ್ಳೆಯದು ಅಂತ ಮತ್ತೆ ಮತ್ತೆ ಲೆಕ್ಕ ಹಾಕುವ ವಿಧಾನ, ಓಡಿಸಿದರೆ ಹೊಸ ಕೆರೆಗೂ ಕಣ್ಣು ಮಿಟುಕಿಸುವುದರೊಳಗೆ ದಾರಿ ಸಿಕ್ಕಿತು. ಬಾಯಿಪಾಠ ಮಾಡಿದ ಗೊಂಬೆಗೂ ಲೆಕ್ಕ ಹಾಕುವ ಗೊಂಬೆಗೂ ಇರುವ ವ್ಯತ್ಯಾಸ ಹುಡುಗರಿಗೆ ಅವತ್ತೇ ಹೊಳೆಯಿತು. ಹೊರಗಿನ ಲೋಕದಲ್ಲಿ ಅಂಥ ಕೋಷ್ಟಕ ಯಾರು ಕೊಡ್ತಾರೆ, ಅದು ಬೇರೆ ಮಾತು.

ಹಾಕಿಸಿಕೊಳ್ಳುವವರು ಮೊದಲು ಜಾರುವುದನ್ನು ಆಫ್ ಮಾಡಿ ಆಡಿ. ಹಳೇ ವಿಡಿಯೊ ನೋಡಿ ಕೋಡ್ ಬರೆಯಬೇಡಿ. ಅವು ಜಾಸ್ತಿ ಓಪನ್‌ಎಐ 2016ರಲ್ಲಿ ಬಿಟ್ಟ, ಜಿಮ್ನೇಸಿಯಂಗೂ ಹಿಂದಿನ ಜಿಮ್‌ನವು. ಗೊಂಬೆಗೆ ಒಂದು ಹೆಜ್ಜೆ ಇಡಿಸುವ ಸ್ಟೆಪ್ ಅನ್ನುವ ಫಂಕ್ಷನ್ ಅದರಲ್ಲಿ 4 ಉತ್ತರ ಕೊಡುತ್ತಿತ್ತು, ಜಿಮ್ನೇಸಿಯಂನಲ್ಲಿ 5 ಕೊಡುತ್ತದೆ. ಆಟ ತಾನಾಗಿ ಮುಗಿಯಿತೋ, 100 ಹೆಜ್ಜೆ ಮುಗಿದು ನಿಂತಿತೋ ಅಂತ ಬೇರೆ ಬೇರೆಯಾಗಿ ಹೇಳುವುದರಿಂದ ಆ ಒಂದು ಜಾಸ್ತಿ.